ಗ್ರಾಫಿನ ಕಾಲಬುಡದ ಹೆಸರುಗಳು

ಗ್ರಾಫಿನ ಗೆರೆ ಎಷ್ಟೇ ಸರಿಯಾಗಿರಲಿ, ಅದರ ಕೆಳಗಿನ ಹೆಸರು ಒಂದಿಷ್ಟು ಹೆಚ್ಚುಕಮ್ಮಿಯಾದರೆ ಅಲ್ಲೊಂದು ರಾಮಾಯಣ ಆಗಿಯೇ ತೀರುತ್ತದೆ. ಹತ್ತೊಂಬತ್ತು ವರ್ಷದಿಂದ ಈ ರಾಮಾಯಣಗಳೇ ನನಗೆ ಅನ್ನ ಹಾಕುತ್ತಿವೆ.

ನಾನು ಕೆಲಸ ಮಾಡುವುದು ಯಲಹಂಕದಾಚೆ, ಒಂದು ಟ್ರಸ್ಟಿನ ಬೆಳೆ ಸಂಶೋಧನಾ ಕೇಂದ್ರದ ಅಂಕಿಅಂಶ ವಿಭಾಗದಲ್ಲಿ. ವಿಭಾಗ ಎಂದರೆ ದೊಡ್ಡದೇನೂ ಅಲ್ಲ. ಒಂದು ಕೋಣೆ, ಎರಡು ಕಂಪ್ಯೂಟರ್, ನಾನು, ನಮ್ಮ ಸಾಹೇಬರು. ವಿಜ್ಞಾನಿಗಳು ಹೊಲದಲ್ಲಿ ಅಳೆದು ತಂದದ್ದನ್ನೆಲ್ಲ ಆರ್ ಎಂಬ ಪ್ರೋಗ್ರಾಮಿಗೆ ಹಾಕಿ ಗ್ರಾಫ್ ಮಾಡುತ್ತಾರೆ. ಕಂಬಗಳು ಚೆನ್ನಾಗಿಯೇ ಏಳುತ್ತವೆ. ಆದರೆ ಕಂಬದ ಕೆಳಗಿನ ಹೆಸರು, ಪಕ್ಕದ ಅಳತೆ ಇವು ಮಾತ್ರ ಒಂದರ ಮೇಲೊಂದು ಬಿದ್ದಿರುತ್ತವೆ, ಅರ್ಧಕ್ಕೆ ಕತ್ತರಿಸಿ ಹೋಗಿರುತ್ತವೆ, ಇಲ್ಲವೇ ಮಾಯವಾಗಿರುತ್ತವೆ. ಆಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೇಂದ್ರದಲ್ಲಿ ನನ್ನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ನಾನು ಲೇಬಲ್ ಮೇಡಂ.

ಕೋಗಿಲಿನ ನಮ್ಮ ಮನೆಯಲ್ಲಿ ಇದನ್ನು ವಿವರಿಸುವುದು ಇನ್ನೂ ಕಷ್ಟ. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಕೇಳಿದರು, “ಆಫೀಸಲ್ಲಿ ಏನ್ ಕೆಲ್ಸ ಮಾಡ್ತೀಯಮ್ಮಾ?”

“ಚಿತ್ರದ ಕೆಳಗೆ ಹೆಸರು ಬರೀತೀನಿ ಅತ್ತೆ.”

“ಅದಕ್ಕೆ ಎಮ್ಮೆಸ್ಸಿ ಓದ್ಬೇಕಿತ್ತಾ? ನಮ್ ಕಾಲ್ದಲ್ಲಿ ಪಾತ್ರೆ ಅಂಗಡಿಯವ್ನೇ ಇಂಗೆ ಟಕಟಕ ಅಂತ ಕುಟ್ಟಿ ಬರ್ಕೊಟ್ಬಿಡ್ತಿದ್ದ” ಎಂದರು.

ಹೋದ ವರ್ಷ ಟ್ರಸ್ಟಿನವರಿಗೂ ನಮ್ಮತ್ತೆಯ ಅನುಮಾನವೇ ಬಂತು. ಒಂದು ಪತ್ರ ಕಳಿಸಿದರು. ಈಗ ಎಲ್ಲ ವಿಜ್ಞಾನಿಗಳ ಬಳಿಯೂ ಲ್ಯಾಪ್‌ಟಾಪ್ ಇದೆ, ಗ್ರಾಫ್ ಅವರೇ ಮಾಡಿಕೊಳ್ಳುತ್ತಾರೆ, ಹೀಗಿರುವಾಗ ಅಂಕಿಅಂಶಕ್ಕೆಂದೇ ಬೇರೆ ವಿಭಾಗ ಬೇಕೇ? ವರ್ಷದ ಕೊನೆಗೆ ಒಂದು ಸಮಿತಿ ಬಂದು ತೀರ್ಮಾನ ಮಾಡುತ್ತದೆ, ಎಂದು. ಬೇಡ ಎಂದು ತೀರ್ಮಾನವಾದರೆ ಸಾಹೇಬರು ನಿವೃತ್ತಿಗೆ ಎರಡು ವರ್ಷ ಮುಂಚೆಯೇ ಮನೆಗೆ, ನಾನು ನಾಗಸಂದ್ರದ ಬೀಜದ ಗೋದಾಮಿಗೆ. ಕೋಗಿಲಿನಿಂದ ಹೆಬ್ಬಾಳಕ್ಕೆ ಒಂದು ಬಸ್ಸು, ಅಲ್ಲಿಂದ ಯಶವಂತಪುರಕ್ಕೆ ಇನ್ನೊಂದು, ಆಮೇಲೆ ಮೆಟ್ರೋ, ಕೊನೆಗೆ ಗೋಣಿಚೀಲ. ದೂರದ ಚಿಂತೆ ಇತ್ತು, ನಿಜ. ಆದರೆ ನೀನಿಲ್ಲದೆಯೂ ನಡೆಯುತ್ತದೆ ಎಂದು ಕಾಗದದಲ್ಲಿ ಬರೆದು ಕಳಿಸಿದ್ದರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿದುಹೋಯಿತು.

ಸಾಹೇಬರು ಪತ್ರವನ್ನು ಎರಡು ಸಲ ಓದಿ ಮಡಚಿಟ್ಟರು. “ಲೇಬಲ್ ಸರಿಯಾಗಿದ್ರೆ ಯಾರ್ ಕಣ್ಣಿಗೂ ಬೀಳಲ್ಲ ಕಣಮ್ಮಾ. ತಪ್ಪಾದಾಗ್ಲೇ ಎಲ್ಲರಿಗೂ ಕಾಣೋದು. ಈ ವರ್ಷ ಏನೇನ್ ಸರಿ ಮಾಡ್ತೀಯೋ ಎಲ್ಲಾ ಒಂದ್ ಪುಸ್ತಕದಲ್ಲಿ ಬರ್ದಿಡು, ಸಮಿತಿಗೆ ತೋರಿಸೋಣ” ಎಂದರು. ಆ ಪುಸ್ತಕದಿಂದಲೇ ಕೆಲವನ್ನು ಇಲ್ಲಿ ಹೇಳುತ್ತಿದ್ದೇನೆ.

೧. ಎಡಕ್ಕೆ ವಾಲಿದ ಸಭೆ

ನಮ್ಮಲ್ಲಿ ಪ್ರತಿ ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ವಿಜ್ಞಾನಿಗಳ ಸಭೆ. ಆ ಹೊತ್ತಿನಲ್ಲಿ ಸಭೆ ಇಟ್ಟವರು ಯಾರೋ, ಅವರಿಗೆ ಪುಣ್ಯ ಬರಲಿ. ಮುದ್ದೆ ಉಂಡು ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ನಿರ್ದೇಶಕರಿಗೆ ಇದೊಂದು ದೊಡ್ಡ ಕೊರಗು.

ಒಂದು ಸೋಮವಾರ ಹೊಸದಾಗಿ ಸೇರಿದ ಕೀಟಶಾಸ್ತ್ರದ ಮೇಡಂ ತಮ್ಮ ಗ್ರಾಫ್ ತೋರಿಸಿದರು. ಹದಿನೈದು ಹುಳುಗಳು, ಒಂದೊಂದಕ್ಕೂ ಗೇಣುದ್ದದ ಲ್ಯಾಟಿನ್ ಹೆಸರು. ಅಡ್ಡಡ್ಡ ಬರೆದರೆ ಜಾಗ ಸಾಲದೆಂದು ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ನಿಲ್ಲಿಸಿದ್ದರು. ಅವರ ವಿಷಯ ನಿಜಕ್ಕೂ ಚೆನ್ನಾಗಿತ್ತು. ಯಾರಿಗೂ ನಿದ್ದೆ ಬರಲಿಲ್ಲ. ಯಾವ ಹುಳು ಜಾಸ್ತಿ ಕಾಟ ಕೊಡುತ್ತಿದೆ ಎಂದು ತಿಳಿಯುವ ಆಸೆಯಿಂದ ಮೂವತ್ತು ಜನವೂ ಕತ್ತನ್ನು ಎಡಕ್ಕೆ ವಾಲಿಸಿ, ಕಿವಿಯನ್ನು ಭುಜಕ್ಕೆ ತಾಗಿಸಿ ಓದತೊಡಗಿದೆವು.

ಅದೇ ಹೊತ್ತಿಗೆ ನಿರ್ದೇಶಕರು ಹಿಂದಿನ ಬಾಗಿಲಿನಿಂದ ಒಳಗೆ ಬಂದರು. ಅವರಿಗೆ ಕಂಡದ್ದು ನಮ್ಮ ಬೆನ್ನುಗಳು, ಮತ್ತು ಎಡ ಹೆಗಲಿಗೆ ಬಿದ್ದ ಮೂವತ್ತು ತಲೆಗಳು. ಇಷ್ಟು ದಿನ ಒಬ್ಬಿಬ್ಬರು ತೂಕಡಿಸುತ್ತಿದ್ದರು, ಇವತ್ತು ಇಡೀ ಕೇಂದ್ರವೇ ಮಲಗಿದೆ ಎಂದುಕೊಂಡು ಮೇಜಿಗೆ ಗುದ್ದಿದರು. “ಏಳ್ರೀ ಎಲ್ಲಾ! ನಾಚ್ಕೆ ಆಗಲ್ವಾ?”

ಮೂವತ್ತು ತಲೆಗಳು ಒಟ್ಟಿಗೆ ನೆಟ್ಟಗಾದವು. ಆ ರಭಸಕ್ಕೆ ಮಣ್ಣುಶಾಸ್ತ್ರದವರೊಬ್ಬರ ಕತ್ತು ಉಳುಕಿತು. ನಾನು ಮಾರನೆಯ ದಿನವೇ ಹದಿನೈದು ಹುಳುಗಳ ಹೆಸರನ್ನೂ ಎರಡೆರಡು ಸಾಲಾಗಿ ಮುರಿದು, ಅಡ್ಡಡ್ಡವಾಗಿಯೇ ಕೂರಿಸಿ ಕೊಟ್ಟೆ. ಮುಂದಿನ ಸೋಮವಾರ ಅದೇ ಗ್ರಾಫನ್ನು ಮತ್ತೆ ತೋರಿಸಿದರು. ಎಲ್ಲರೂ ನೆಟ್ಟಗೆ ಕೂತು ಆರಾಮವಾಗಿ ಓದಿದರು, ಓದಿ ಮುಗಿಸಿ ಐದೇ ನಿಮಿಷಕ್ಕೆ ನಿಜವಾಗಿಯೂ ನಿದ್ದೆ ಹೋದರು.

೨. ಎರಡೂವರೆ ಎಕರೆಗೆ ಒಂಬತ್ತು ಗಿಡ

ವರ್ಷಕ್ಕೊಮ್ಮೆ ಸುತ್ತಲಿನ ಊರುಗಳ ರೈತರನ್ನು ಕರೆಸಿ ನಮ್ಮ ತಳಿಗಳನ್ನು ತೋರಿಸುತ್ತೇವೆ. ಈ ಸಲ ರಾಗಿ ವಿಭಾಗದವರು ಒಂದು ಹೆಕ್ಟೇರಿಗೆ ಎಷ್ಟು ಪೈರು ಇದ್ದರೆ ಇಳುವರಿ ಜಾಸ್ತಿ ಎಂದು ಗ್ರಾಫ್ ಮಾಡಿ ದೊಡ್ಡದಾಗಿ ಗೋಡೆಗೆ ಅಂಟಿಸಿದ್ದರು. ನನಗೆ ಮೊದಲೇ ತೋರಿಸಿರಲಿಲ್ಲ. “ಇಷ್ಟು ಸುಲಭದ್ದಕ್ಕೂ ಲೇಬಲ್ ಮೇಡಂ ಯಾಕೆ?” ಎಂದಿದ್ದರಂತೆ. ಅದು ನನ್ನ ಕಿವಿಗೂ ಬಿದ್ದಿತ್ತು.

ಆರ್‌ಗೆ ಒಂದು ಚಾಳಿ ಇದೆ. ಲಕ್ಷದಂಥ ದೊಡ್ಡ ಸಂಖ್ಯೆ ಬಂದರೆ ಸೊನ್ನೆ ಬರೆಯಲು ಸೋಮಾರಿತನ. ನಾಲ್ಕು ಲಕ್ಷ ಎಂದು ಬರೆಯುವ ಬದಲು ನಾಲ್ಕು, ಒಂದು ಇಂಗ್ಲಿಷ್ ಅಕ್ಷರ, ಕೂಡಿಸುವ ಗುರುತು, ಕೊನೆಗೆ ಐದು ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ವಿಜ್ಞಾನಿಗಳಿಗೆ ಅದು ಅಭ್ಯಾಸವಾಗಿ ಕಣ್ಣಿಗೆ ಬೀಳುವುದೇ ಇಲ್ಲ.

ಕೋಗಿಲಿನ ಕಡೆಯ ಹಿರಿಯ ರೈತರೊಬ್ಬರು ಕನ್ನಡಕ ಸರಿಮಾಡಿಕೊಂಡು ಗ್ರಾಫಿನ ಮುಂದೆ ನಿಂತರು. ಬಹಳ ಹೊತ್ತು ನೋಡಿ ರಾಗಿ ವಿಜ್ಞಾನಿಯನ್ನು ಕರೆದರು.

“ಸಾಮಿ, ಒಂದ್ ಹೆಕ್ಟೇರ್ ಅಂದ್ರೆ ಎರಡೂವರೆ ಎಕ್ರೆ ಅಲ್ವಾ?”

“ಹೌದು ಯಜಮಾನ್ರೇ.”

“ಇಲ್ಲಿ ನಾಕು ಪ್ಲಸ್ ಐದು ಅಂತ ಆಕಿದೀರ. ಅಂದ್ರೆ ಒಂಬತ್ತು. ಎರಡೂವರೆ ಎಕ್ರೆಗೆ ಒಂಬತ್ತೇ ಗಿಡ!”

ವಿಜ್ಞಾನಿ ಬೆವರಿದರು. ಘಾತ, ಸೊನ್ನೆ, ದಶಮಾಂಶ ಎಂದು ಏನೇನೋ ಹೇಳಲು ಹೊರಟರು. ಅಷ್ಟರಲ್ಲಿ ಸುತ್ತಲೂ ಇಪ್ಪತ್ತು ಜನ ಸೇರಿದ್ದರು. ನಾನು ಲ್ಯಾಪ್‌ಟಾಪ್ ಎಳೆದುಕೊಂಡು ಒಂದು ಸಾಲು ಬರೆದೆ. ಸಂಖ್ಯೆಯನ್ನು ಮೊಟಕು ಮಾಡಬೇಡ, ಪೂರ್ತಿ ಬರಿ ಎಂದು ಅದಕ್ಕೆ ಹೇಳುವ ಸಾಲು. ಇನ್ನೊಂದು ಸಾಲಿನಲ್ಲಿ ಸೊನ್ನೆಗಳನ್ನು ತೆಗೆದು ಕನ್ನಡದಲ್ಲಿ ‘೪ ಲಕ್ಷ’ ಎಂದು ಬರುವ ಹಾಗೆ ಮಾಡಿದೆ. ಹೊಸದಾಗಿ ಮುದ್ರಿಸಿ ಹಳೆಯದರ ಮೇಲೆ ಅಂಟಿಸಲು ಹತ್ತು ನಿಮಿಷವೂ ಆಗಲಿಲ್ಲ. ನನ್ನ ಮೂಗು ಆಗ ಸ್ವಲ್ಪ ಮೇಲಕ್ಕೇ ಇತ್ತು, ಸುಳ್ಳು ಹೇಳುವುದಿಲ್ಲ.

ಯಜಮಾನರು ಹೊಸದನ್ನು ನೋಡಿ ತಲೆಯಾಡಿಸಿದರು. “ಈಗ್ ಸರಿ ಓಯ್ತು ಕಣಮ್ಮ. ಮೊದ್ಲಿಂದು ನೋಡಿ ನಾನು, ಇವ್ರು ರಾಗಿ ಅಂತ ಏಳ್ಕೊಂಡು ಆಲದ್ ಮರ ನೆಟ್ಟವ್ರೆ ಅಂದ್ಕಂಡಿದ್ದೆ.”

೩. ಅಣ್ಣ ಇದ್ದಾನೆ, ತಮ್ಮ ಇಲ್ಲ

ಅದೇ ರಾಗಿ ತಳಿಯನ್ನು ಸುತ್ತಲಿನ ಹದಿನಾಲ್ಕು ಜನ ರೈತರು ತಮ್ಮ ಹೊಲದಲ್ಲಿ ಬೆಳೆದಿದ್ದರು. ಅವರಲ್ಲಿ ಇಬ್ಬರು ಅಣ್ಣತಮ್ಮಂದಿರು. ಹಳೇ ಕುಳ. ಜಮೀನಿನ ಮುಕ್ಕಾಲು ಪಾಲಿನಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ, ಉಳಿದ ಕಾಲು ಪಾಲಿನಲ್ಲಿ ರಾಗಿ. ಭಾಗವಾದ ದಿನದಿಂದ ಇಬ್ಬರಿಗೂ ಮಾತಿಲ್ಲ. ಬದುವಿನ ಆಚೆ ಒಬ್ಬ, ಈಚೆ ಒಬ್ಬ.

ಯಾರ ಹೊಲದಲ್ಲಿ ಎಷ್ಟು ಇಳುವರಿ ಎಂಬ ಗ್ರಾಫನ್ನು ಹದಿನಾಲ್ಕು ಮನೆಗೂ ಕಳಿಸಿದರು. ಮೂರನೇ ದಿನ ತಮ್ಮ ನಮ್ಮ ಕೋಣೆಗೇ ಬಂದರು. ಕೈಯಲ್ಲಿ ಗ್ರಾಫು, ಮುಖದಲ್ಲಿ ಕೆಂಡ.

“ಮೇಡಂ, ನಮ್ಮಣ್ಣ ಇಲ್ಲಿಗೆ ಬಂದಿದ್ನಾ?”

“ಇಲ್ವಲ್ಲಾ, ಯಾಕೆ?”

“ಮತ್ತೆ ಅವನ್ ಹೆಸ್ರು ಐತೆ, ನಂದ್ ಯಾಕಿಲ್ಲ? ನನ್ ಕಂಬ ನಿಲ್ಸಿದೀರ, ಹೆಸ್ರು ಕಿತ್ತಾಕಿದೀರ. ಇದು ಅವನ್ದೇ ಕೆಲ್ಸ.”

ನೋಡಿದರೆ ಕಂಬಗಳು ಹದಿನಾಲ್ಕು, ಹೆಸರುಗಳು ಏಳು. ಕೆಳಗೆ ಜಾಗ ಸಾಲದಿದ್ದರೆ ಆರ್ ಯಾರನ್ನೂ ಕೇಳದೆ ಒಂದು ಬಿಟ್ಟು ಒಂದು ಹೆಸರನ್ನು ನುಂಗಿಬಿಡುತ್ತದೆ. ಅಣ್ಣನ ಹೆಸರು ಉಳಿದಿತ್ತು, ಪಕ್ಕದ ತಮ್ಮನದು ಹೋಗಿತ್ತು. ಇದು ಕಂಪ್ಯೂಟರಿನ ಕೆಲಸ ಎಂದರೆ ಅವರು ನಂಬಲಿಲ್ಲ. “ಕಂಪ್ಯೂಟರ್ರಿಗೆ ಏಳ್ಕೊಟ್ಟೋರು ಯಾರು?” ಎಂದು ಕೇಳಿದರು.

ಮಾತಿನಿಂದ ಆಗದು ಎಂದು ಅವರ ಎದುರಿಗೇ ಕೂತು ಸರಿಮಾಡಿದೆ. ನಿಂತ ಕಂಬಗಳನ್ನೆಲ್ಲ ಮಲಗಿಸಿದೆ. ಎಡಗಡೆ ಹೆಸರಿಗೆಂದು ಅಂಚನ್ನು ಅಗಲ ಮಾಡಿದೆ. ಹದಿನಾಲ್ಕು ಹೆಸರೂ ಒಂದರ ಕೆಳಗೊಂದು, ಇನಿಷಿಯಲ್ ಸಮೇತ ಬಂದವು. ಅವರು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಕೊಂಡರು. “ನೀವಿರೋದ್ರಿಂದ ನ್ಯಾಯ ಐತೆ ಮೇಡಂ” ಎಂದು ಕೈಮುಗಿದು ಹೋದರು. ಸಾಹೇಬರು ತಕ್ಷಣ ಪುಸ್ತಕ ತೆಗೆಸಿ, “ರೈತರಿಗೆ ನ್ಯಾಯ ಒದಗಿಸಲಾಯಿತು ಅಂತ ಬರಿ” ಎಂದರು. ನಾನು ಬರೆದೆ. ಮನಸ್ಸು ತುಂಬಿ ಬಂದಿತ್ತು.

ಸರಿಮಾಡಿದ ಗ್ರಾಫನ್ನು ಅವತ್ತೇ ಹದಿನಾಲ್ಕು ಮನೆಗೂ ಕಳಿಸಿದೆವು. ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಣ್ಣ ಬಂದು ನಿಂತಿದ್ದರು. ಕಂಬ ಮಲಗಿಸಿದಾಗ ಆರ್ ಮೊದಲನೆಯ ಹೆಸರನ್ನು ಬುಡದಲ್ಲಿ ಇಡುತ್ತದೆ, ಆಮೇಲಿನದನ್ನು ಅದರ ಮೇಲೆ. ನಾನು ಅದನ್ನು ಗಮನಿಸಿರಲಿಲ್ಲ.

“ಎಲ್ಲಾ ಸರಿ ಮೇಡಂ,” ಎಂದರು ಅಣ್ಣ, “ನಾನು ಮನೆಗೆ ಹಿರೀಮಗ. ಅವನ್ ಕೆಳಗೆ ನನ್ನ ಯಾಕ್ ಮಲಗ್ಸಿದ್ರಿ?”

೪. ಚೌಕಗಳ ತೋಟ

ಟ್ರಸ್ಟಿನ ದೊಡ್ಡವರೊಬ್ಬರು ಕೇಂದ್ರ ನೋಡಲು ಬರುವವರಿದ್ದರು. ಎಲ್ಲ ಕನ್ನಡದಲ್ಲೇ ಇರಬೇಕು ಎಂದು ಅವರ ಅಪ್ಪಣೆ. ಅವರೆಕಾಯಿ ತಳಿಯ ವಿಜ್ಞಾನಿ ತಮ್ಮ ಗ್ರಾಫಿನ ಕೆಳಗೆ ಕನ್ನಡದಲ್ಲೇ ಹೆಸರು ಹಾಕಿದರು, ಆದರೆ ಕನ್ನಡದ ಅಕ್ಷರ ಇರುವ ಫಾಂಟನ್ನು ಕೊಡಲು ಮರೆತರು. ಅಕ್ಷರ ಗೊತ್ತಿಲ್ಲದಿದ್ದರೆ ಕಂಪ್ಯೂಟರ್ ಅಲ್ಲೊಂದು ಖಾಲಿ ಚೌಕ ಬರೆಯುತ್ತದೆ. ಹೀಗಾಗಿ ಗ್ರಾಫಿನ ಕೆಳಗೆಲ್ಲ ಸಾಲು ಸಾಲು ಚೌಕಗಳು. ಗೋಡೆಗೆ ಅಂಟಿಸಿದ ಮೇಲೆಯೇ ಯಾರೋ ನೋಡಿದ್ದು, ಅಷ್ಟರಲ್ಲಿ ದೊಡ್ಡವರ ಕಾರು ಗೇಟಿನೊಳಗೆ ಬಂದಿತ್ತು.

ದೊಡ್ಡವರು ಚೌಕಗಳ ಮುಂದೆಯೇ ನಿಂತರು. “ಏನ್ರೀ ಇದು?”

ಆ ವಿಜ್ಞಾನಿ ಕಣ್ಣು ಮಿಟುಕಿಸಲಿಲ್ಲ. “ನಮ್ಮ ಅವರೆ ತೋಟದ ನಕ್ಷೆ ಸಾರ್. ಒಂದೊಂದು ಚೌಕ ಒಂದೊಂದು ತಾಕು.”

“ಓಹೋ. ಮಧ್ಯೆ ಮಧ್ಯೆ ಜಾಗ ಬಿಟ್ಟಿದೀರಲ್ಲಾ?”

“ನೀರು ಬಿಡೋಕೆ ಕಾಲುವೆ ಸಾರ್.”

ದೊಡ್ಡವರಿಗೆ ಬಹಳ ಸಂತೋಷವಾಯಿತು. ಎಷ್ಟು ಅಚ್ಚುಕಟ್ಟು, ಬೇರೆ ವಿಭಾಗದವರೂ ಹೀಗೆ ತೋಟದ ನಕ್ಷೆ ಹಾಕಬೇಕು ಎಂದು ಹೇಳಿ ಊಟಕ್ಕೆ ಹೋದರು. ವಿಜ್ಞಾನಿ ನಮ್ಮ ಕೋಣೆಗೆ ಓಡಿ ಬಂದು ಕುರ್ಚಿಯಲ್ಲಿ ಕುಸಿದರು. ದೊಡ್ಡವರು ಊಟ ಮುಗಿಸುವುದರೊಳಗೆ ನಾನು ಸರಿಯಾದ ಫಾಂಟು ಕೊಟ್ಟು, ಒತ್ತಕ್ಷರ ಬಿಡಿಬಿಡಿಯಾಗದ ಹಾಗೆ ನೋಡಿಕೊಂಡು, ಹೊಸ ಗ್ರಾಫನ್ನು ಅದೇ ಜಾಗದಲ್ಲಿ ಅಂಟಿಸಿದೆ. ಕನ್ನಡ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಕೂತಿದ್ದವು. ನಾನೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟೆ.

ದೊಡ್ಡವರು ಎಲೆಅಡಿಕೆ ಹಾಕಿಕೊಂಡು ಮತ್ತೆ ಅಲ್ಲಿಗೇ ಬಂದರು. ಹೊಸದನ್ನು ಓದಿದರು. ಮುಖ ಸಪ್ಪಗಾಯಿತು. “ಬೆಳಿಗ್ಗೆ ಇದ್ದ ತೋಟ ಎಲ್ ಹೋಯ್ತ್ರೀ? ಅದನ್ನ ತೆಗೆದು ಈ ಬರವಣಿಗೆ ಅಂಟಿಸಿದ ಪುಣ್ಯಾತ್ಮ ಯಾರು?”

ವಿಜ್ಞಾನಿ ನನ್ನ ಕಡೆ ಕೈ ತೋರಿಸಿದರು.

೫. ಸಮಿತಿಯವರ ಮೆಟ್ಟಿಲು

ವರ್ಷದ ಕೊನೆಗೆ ಸಮಿತಿ ಬಂತು. ಮೂರು ಜನ. ಅಧ್ಯಕ್ಷರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಬೇಸರ ಕಳೆಯಲು ಆರ್ ಕಲಿತಿದ್ದರು, ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಉಳಿದಿಬ್ಬರು ಸದಸ್ಯರು ಮಾತನಾಡಲಿಲ್ಲ, ಬಿಸ್ಕತ್ತು ತಿಂದರು. ಸಾಹೇಬರು ನಮ್ಮ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಅದನ್ನು ಯಾರೂ ತೆರೆಯಲಿಲ್ಲ.

“ಅದೆಲ್ಲಾ ಬೇಡ. ಅಂಕಿಅಂಶ ವಿಭಾಗದ ಜೊತೆ ಅಂಕಿಅಂಶದಲ್ಲೇ ಮಾತಾಡೋಣ” ಎಂದು ಅಧ್ಯಕ್ಷರು ನಗುತ್ತಾ ತಮ್ಮ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ಒಂದು ಗ್ರಾಫ್ ಮೂಡಿಸಿದರು. ಒಂಬತ್ತು ಕಂಬ. ಒಂದೊಂದು ವರ್ಷ ನಮ್ಮ ವಿಭಾಗಕ್ಕೆ ಎಷ್ಟು ಕೆಲಸ ಬಂದಿದೆ ಎಂಬ ಲೆಕ್ಕ. ಎಡಗಡೆಯ ಕಂಬ ಎಲ್ಲಕ್ಕಿಂತ ಎತ್ತರ, ಅಲ್ಲಿಂದ ಬಲಕ್ಕೆ ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋಗಿ ಕೊನೆಯದು ಮೊಣಕಾಲೆತ್ತರ.

“ನೋಡಿ, ವರ್ಷದಿಂದ ವರ್ಷಕ್ಕೆ ಇಳೀತಿದೆ. ನಾನ್ ಹೇಳ್ತಿಲ್ಲ, ಗ್ರಾಫ್ ಹೇಳ್ತಿದೆ. ಮುಚ್ಚೋದು ಬಿಟ್ರೆ ಬೇರೆ ದಾರಿ ಇದ್ಯಾ?”

ಸಾಹೇಬರ ಮುಖ ಬಿಳಚಿಕೊಂಡಿತು. ನನಗೂ ನಾಗಸಂದ್ರದ ಗೋಣಿಚೀಲಗಳು ಕಣ್ಣ ಮುಂದೆ ಬರಬೇಕಿತ್ತು. ಆದರೆ ನನ್ನ ಕಣ್ಣು ಗ್ರಾಫಿನ ಕಾಲಬುಡಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಅಲ್ಲಿ ಏನೂ ಇರಲಿಲ್ಲ. ಒಂಬತ್ತು ಕಂಬ, ಒಂದಕ್ಕೂ ಹೆಸರಿಲ್ಲ! ಹತ್ತೊಂಬತ್ತು ವರ್ಷದ ಚಟ, ಸುಮ್ಮನಿರಲು ಆಗಲಿಲ್ಲ.

“ಸರ್, ಕೆಳಗೆ ಲೇಬಲ್ ಇಲ್ವಲ್ಲಾ?”

“ಇತ್ತು ಮೇಡಂ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಅಂತ ವರ್ಷ ಪೂರ್ತಿ ಬರೆದಿದ್ದೆ. ಒಂದರ ಮೇಲೊಂದು ಬಿದ್ದು ಗಲೀಜಾಗಿ ಕಾಣ್ತಿತ್ತು, ತೆಗೆದುಬಿಟ್ಟೆ. ಇಳೀತಿದೆ ಅನ್ನೋದು ಕಂಡ್ರೆ ಸಾಕಲ್ವಾ?”

“ಎರಡು ನಿಮಿಷ ಕೊಡಿ ಸರ್. ಸರಿ ಮಾಡ್ಕೊಡ್ತೀನಿ.”

ಸಾಹೇಬರು ಮೇಜಿನ ಕೆಳಗಿಂದ ನನ್ನ ಕಾಲು ತುಳಿದರು. “ನಿಂಗೆ ತಲೆ ಕೆಟ್ಟಿದ್ಯಾ? ನಮ್ಮನ್ನ ಮುಚ್ಚೋ ಗ್ರಾಫನ್ನ ನೀನೇ ಚೆಂದ ಮಾಡ್ಕೊಡ್ತೀಯಾ?” ಎಂದು ಪಿಸುಗುಟ್ಟಿದರು.

“ಮುಚ್ಚೋದಿದ್ರೆ ಮುಚ್ಚಲಿ ಸಾರ್. ಲೇಬಲ್ ಇಲ್ದಿರೋ ಗ್ರಾಫಿಂದ ಮುಚ್ಚಿದ್ರು ಅಂತ ಆಗ್ಬಾರ್ದು” ಎಂದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ನಾನು ಅದನ್ನು ಮನಸಾರೆ ಹೇಳಿದ್ದೆ.

ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿದರು. ಹೆಸರು ಬೇಡ ಎಂದು ಅವರು ಬರೆದಿದ್ದ ಸಾಲನ್ನು ಅಳಿಸಿದೆ. ಪ್ರತಿ ವರ್ಷದ ಹೆಸರನ್ನು ಮೊಟಕು ಮಾಡಿದೆ, ಅಕ್ಷರ ಒಂದಿಷ್ಟು ಸಣ್ಣದು ಮಾಡಿದೆ, ಕೆಳಗಿನ ಅಂಚು ಅಗಲ ಮಾಡಿದೆ. ಗುಂಡಿ ಒತ್ತಿದೆ. ಒಂಬತ್ತು ವರ್ಷಗಳೂ ಕಂಬಗಳ ಕೆಳಗೆ ಒಂದಕ್ಕೊಂದು ತಾಗದೆ ಬಂದು ಕೂತವು.

ಬಿಸ್ಕತ್ತು ತಿನ್ನುತ್ತಿದ್ದ ಸದಸ್ಯರೊಬ್ಬರು ಮೊದಲ ಸಲ ಬಾಯಿ ಬಿಟ್ಟರು. “ಅಲ್ಲಾ ಸಾರ್, ಎಡಗಡೆ ಎತ್ತರದ್ದು ಈ ವರ್ಷದ್ದು ಅಂತ ತೋರಿಸ್ತಿದೆ?”

ಎಲ್ಲರೂ ಓದಿದೆವು. ಎಲ್ಲಕ್ಕಿಂತ ಎತ್ತರದ ಮೊದಲ ಕಂಬ ಈ ವರ್ಷ. ಎರಡನೆಯದು ಹೋದ ವರ್ಷ. ಮೂರನೆಯದು ಅದರ ಹಿಂದಿನದು. ಬಲತುದಿಯ ಮೊಣಕಾಲೆತ್ತರದ ಕಂಬ ಎಂಟು ವರ್ಷ ಹಿಂದಿನದು. ನಾನು ಕೋಡಿನಲ್ಲಿ ಮೇಲಕ್ಕೆ ಹೋಗಿ ನೋಡಿದೆ. ಕಂಬಗಳನ್ನು ಎತ್ತರದಿಂದ ಗಿಡ್ಡಕ್ಕೆ ಜೋಡಿಸು ಎಂದು ಅಧ್ಯಕ್ಷರೇ ಒಂದು ಸಾಲು ಬರೆದಿದ್ದರು.

“ಅದು... ನೋಡೋಕೆ ಅಂದವಾಗಿರ್ಲಿ ಅಂತ ಹಾಕಿದ್ದೆ” ಎಂದರು ಅಧ್ಯಕ್ಷರು.

ಆ ಸಾಲನ್ನು ತೆಗೆದೆ. ವರ್ಷಗಳು ತಮ್ಮ ತಮ್ಮ ಜಾಗಕ್ಕೆ ಹೋದವು. ಇಳಿಯುತ್ತಿದ್ದ ಮೆಟ್ಟಿಲು ಏರತೊಡಗಿತು. ಲ್ಯಾಪ್‌ಟಾಪ್ ಬಂದ ಮೇಲೆ ನಮ್ಮ ಕೆಲಸ ಕಡಿಮೆಯಾಗಿರಲಿಲ್ಲ, ಎಲ್ಲರೂ ತಾವೇ ಗ್ರಾಫ್ ಮಾಡಲು ಶುರುಮಾಡಿ ದುಪ್ಪಟ್ಟಾಗಿತ್ತು. ಸಾಹೇಬರು ತುಳಿದಿದ್ದ ನನ್ನ ಕಾಲನ್ನು ಬಿಟ್ಟರು. ಅಧ್ಯಕ್ಷರು ಒಂದು ಲೋಟ ನೀರು ಕುಡಿದು, ವಿಭಾಗ ಮುಂದುವರಿಯಲಿ ಎಂದು ಅಲ್ಲೇ ಬರೆದು ಸಹಿ ಹಾಕಿದರು. ಆ ಕ್ಷಣ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಎದೆ ಉಬ್ಬಿ ಬ್ಲೌಸಿನ ಹುಕ್ಕು ಕಿತ್ತುಹೋಗುವುದೊಂದು ಬಾಕಿ.

ಹೊರಡುವಾಗ ಅಧ್ಯಕ್ಷರು ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದು ಧ್ವನಿ ತಗ್ಗಿಸಿದರು. ಬೈಯುತ್ತಾರೇನೋ ಎಂದುಕೊಂಡೆ.

“ಮೇಡಂ, ಟ್ರಸ್ಟಿನ ಬೇರೆ ಹನ್ನೊಂದು ವಿಭಾಗಕ್ಕೂ ಇದೇ ಕೋಡಲ್ಲಿ ಗ್ರಾಫ್ ಮಾಡಿದೀನಿ. ವರದಿ ಇನ್ನೂ ಕಳಿಸಿಲ್ಲ, ನಾಳೆ ತರ್ತೀನಿ, ನೋಡ್ಕೊಡ್ತೀರಾ?”

“ಅದಕ್ಕೇನ್ ಸರ್, ತನ್ನಿ.”

ಅವರು ದೊಡ್ಡದೊಂದು ನಿಟ್ಟುಸಿರು ಬಿಟ್ಟರು. “ಅಲ್ಲಾ, ಹೋದ ಹೋದ ಕಡೆಯೆಲ್ಲಾ ಎಲ್ಲಾ ವಿಭಾಗನೂ ಒಂದೇ ಸಮ ಇಳೀತಾ ಇತ್ತು ಕಣ್ರೀ. ದೇಶ ಹಾಳಾಗೋಯ್ತು ಅಂತ ಮೂರು ತಿಂಗಳಿಂದ ನನಗೆ ಊಟ ಸೇರ್ತಿಲ್ಲ!”